ಇನ್ನೊಂದು ಅನಂತಪುರದ ಕಲ್ಲುಗಳು

ಅನಂತಪುರ ಎಂದೊಡನೆ ಕಾಸರಗೋಡಿನವರಾದ ನಮಗೆ ನೆನಪಾಗುವುದು ಕುಂಬಳೆ ಸಮೀಪದ ಸರೋವರ ಕ್ಷೇತ್ರ. ಇನ್ನೊಂದು ಅನಂತಪುರವಿದೆ. ಅದು ಆಂಧ್ರದ ಗಡಿನಾಡು. ಮನೆಯೊಳಗೆ ಕನ್ನಡ, ಕಚೇರಿಯಲ್ಲಿ ಬೇರೆ ಭಾಷೆ ಎಂಬ ನಮ್ಮ ಪಾಡು ಅಲ್ಲಿನ ಅನೇಕ ಕುಟುಂಬಗಳದ್ದೂ ಹೌದು. ಆ ನಂಟಿನಿಂದಲೇ ನಾನು ಹಿಂದೂಪುರಕ್ಕೆ ಹೋದೆ.

ಬೆಲ್ಲ, ಹುಣಸೆಹಣ್ಣು, ಒಣಮೆಣಸಿನ ವ್ಯಾಪಾರಕ್ಕೆ ಹೆಸರಾದ ಈ ಪೇಟೆ ಕಾಲೇಜುಗಳ ಊರೂ ಹೌದು. ಬೆಂಗಳೂರು-ಗುಂತಕಲ್ಲು ರೈಲುದಾರಿಯಲ್ಲಿರುವುದರಿಂದ ತಲುಪುವುದು ಸುಲಭ. ಊರಿನಿಂದ ಪೂರ್ವಕ್ಕೆ ಸುಮಾರು 15 ಕಿಲೋಮೀಟರ್ ಹೋದರೆ ಲೇಪಾಕ್ಷಿ. ವಿಜಯನಗರದ ಅಚ್ಯುತದೇವರಾಯನ ಕಾಲದಲ್ಲಿ (1529–1542) ವಿರೂಪಣ್ಣ, ವೀರಣ್ಣ ಎಂಬ ಸೋದರರು ಕಟ್ಟಿಸಿದ ವೀರಭದ್ರ ದೇವಾಲಯ ಅಲ್ಲಿದೆ. ಮಂಟಪದ ಮೇಲ್ಛಾವಣಿಯ ವರ್ಣಚಿತ್ರಗಳನ್ನೂ ಹೊರಗಿನ ಏಕಶಿಲೆಯ ಬೃಹತ್ ನಂದಿಯನ್ನೂ ನೋಡಲು ಜನ ಬರುತ್ತಾರೆ. ಬೊಕ್ಕಸದ ಹಣ ಖರ್ಚುಮಾಡಿದ ಆರೋಪಕ್ಕಾಗಿ ವಿರೂಪಣ್ಣ ತನ್ನ ಕಣ್ಣುಗಳನ್ನೇ ಕಿತ್ತು ಗೋಡೆಗೆ ಎಸೆದನೆಂಬ ಕಥೆಯನ್ನು ಅಲ್ಲಿ ಎಲ್ಲರೂ ಹೇಳುತ್ತಾರೆ. ಆದರೆ ಪ್ರಾಕಾರದ ಗೋಡೆಯ ಮೇಲೆ ಕೊರೆದಿರುವುದು ಕಣ್ಣಿನ ಕಥೆಯಲ್ಲ. ದೇವರಿಗೆ ಬಿಟ್ಟ ದತ್ತಿಗಳ ವಿವರ, ಅದೂ ಕನ್ನಡದಲ್ಲಿ. ನಾನು ತಡವರಿಸುತ್ತ ಅಕ್ಷರ ಕೂಡಿಸುತ್ತಿದ್ದಾಗ ಕಾಲೇಜು ಹುಡುಗನೊಬ್ಬ ಬಂದು, "ಏನು ಬರೆದಿದೆ ಸಾರ್?" ಎಂದು ಕನ್ನಡದಲ್ಲೇ ಕೇಳಿದ. ಅವನಿಗೆ ಮಾತು ಬರುತ್ತಿತ್ತು, ಓದು ಬರುತ್ತಿರಲಿಲ್ಲ. ನಮ್ಮ ಮನೆಯ ಮಕ್ಕಳೇ ಕಣ್ಣೆದುರು ಬಂದು ನಿಂತ ಹಾಗಾಯಿತು.

ಮಡಕಶಿರಾ ಕಡೆಗೆ ಹೊರಟರೆ ತುಮಕೂರು ಜಿಲ್ಲೆಯ ಗಡಿಗೆ ತಾಗಿ ಹೇಮಾವತಿ ಸಿಗುತ್ತದೆ. ಇದೇ ಹಳೆಯ ಹೆಂಜೇರು, ನೊಳಂಬವಾಡಿ 32000ವನ್ನು ಆಳಿದ ನೊಳಂಬರ ರಾಜಧಾನಿ. ದೊಡ್ಡಪ್ಪನ ಗುಡಿಯ ನುಣುಪಾದ ಕಂಬಗಳು, ಶಿಲೆಯ ಜಾಲಂಧ್ರಗಳು ಒಂಬತ್ತು-ಹತ್ತನೆಯ ಶತಮಾನದ ಶಿಲ್ಪಿಗಳ ಕೈಚಳಕ. ಗಂಗರ ಮಾರಸಿಂಹನು ಹತ್ತನೆಯ ಶತಮಾನದಲ್ಲಿ 'ನೊಳಂಬಕುಲಾಂತಕ' ಎಂಬ ಬಿರುದು ಧರಿಸಿದ. ಕುಲದ ಅಂತ್ಯವನ್ನು ಬಿರುದು ಸಾರಿತು. ಕಲ್ಲು ಮಾತ್ರ ಉಳಿಯಿತು. ಸಿದ್ಧೇಶ್ವರನಿಗೆ ಇಂದಿಗೂ ಪೂಜೆ ನಡೆಯುತ್ತಿದೆ.

ಇಲ್ಲಿಂದ ಕಲ್ಯಾಣದುರ್ಗಕ್ಕೆ ಹೋಗಲು ಕರ್ನಾಟಕದ ಪಾವಗಡವನ್ನು ಹಾದು ಮತ್ತೆ ಆಂಧ್ರವನ್ನು ಹೊಗಬಹುದು. ಒಂದೇ ಪ್ರಯಾಣದಲ್ಲಿ ಎರಡು ಸಲ ಗಡಿ ದಾಟಿದರೂ ಹೊಲದ ಮಣ್ಣು ಬದಲಾಗುವುದಿಲ್ಲ, ಅದೇ ಕಡಲೆಕಾಯಿ ಬೆಳೆ. ಕಲ್ಯಾಣದುರ್ಗದ ಸಮೀಪ ಮುದಿಗಲ್ಲಿನಲ್ಲಿ ಬೃಹತ್ ಶಿಲಾಯುಗದ ಕಲ್ಗೋರಿಗಳಿವೆ. ಅವುಗಳನ್ನು ನಿಲ್ಲಿಸಿದವರು ಯಾವ ಭಾಷೆಯನ್ನೂ ಬರೆದಿಡಲಿಲ್ಲ. ಗಡಿಯ ಜಗಳಗಳೆಲ್ಲ ಎಷ್ಟು ಈಚಿನವು ಎಂಬುದು ಅಲ್ಲಿ ನಿಂತಾಗ ತಿಳಿಯುತ್ತದೆ.

ಈ ಸೀಮೆಯನ್ನು 1800ರಲ್ಲಿ ನಿಜಾಮನು ಕಂಪನಿಗೆ ಬಿಟ್ಟುಕೊಟ್ಟ. 1882ರಲ್ಲಿ ಬಳ್ಳಾರಿಯಿಂದ ಬೇರ್ಪಡಿಸಿ ಅನಂತಪುರ ಜಿಲ್ಲೆ ಮಾಡಿದರು. 1953ರಲ್ಲಿ ಆಂಧ್ರ ರಾಜ್ಯ ಬಂದಾಗ ಬಳ್ಳಾರಿ ಮೈಸೂರಿಗೆ ಸೇರಿತು, ಮಡಕಶಿರಾ ಆಂಧ್ರದಲ್ಲಿ ಉಳಿಯಿತು. ಮೂರು ವರ್ಷಗಳ ಬಳಿಕ, 1956ರ ನವೆಂಬರ್ 1ರಂದು, ನಾವು ಕೇರಳದವರಾದೆವು. 2022ರಲ್ಲಿ ಹಿಂದೂಪುರ ಶ್ರೀ ಸತ್ಯಸಾಯಿ ಜಿಲ್ಲೆಗೆ ಹೋಯಿತು, ಕಲ್ಯಾಣದುರ್ಗ ಅನಂತಪುರದಲ್ಲೇ ನಿಂತಿತು. ನಕ್ಷೆ ಹೀಗೆ ಬದಲಾಗುತ್ತಲೇ ಇರುತ್ತದೆ.

ಕನ್ನಡ, ತೆಲುಗು ಲಿಪಿಗಳು ಒಂದು ಕಾಲಕ್ಕೆ ಒಂದೇ ಆಗಿದ್ದವು. ಆದ್ದರಿಂದ ಆ ಹುಡುಗನಿಗೆ ಕನ್ನಡದ ಓದು ದೂರದ್ದಲ್ಲ. ಗೋಡೆಗೆ ಬೆರಳಿಟ್ಟು ನಾಲ್ಕಾರು ಅಕ್ಷರ ತೋರಿಸಿದೆ. ಮುಂದಿನ ಎರಡನ್ನು ಅವನೇ ಓದಿದ. ನಮ್ಮ ಮಕ್ಕಳಿಗಾದರೋ ಮಲಯಾಳದ ಅಕ್ಷರ ಕನ್ನಡಕ್ಕೆ ಅಷ್ಟು ಹತ್ತಿರವಲ್ಲ. ಅವರಿಗೆ ಮನೆಯಲ್ಲಿ ನಾವೇ ಕಲಿಸಬೇಕು. ಓದುವವರಿಲ್ಲದಿದ್ದರೆ ಶಾಸನವೂ ಬರಿಯ ಗೀರು.