ತಿಪ್ಪೆಯಿಂದ ಪ್ರಯೋಗಾಲಯಕ್ಕೆ: ಮಾಲಿನ್ಯ ಕಳೆಯುವ ಸೂಕ್ಷ್ಮಜೀವಿಗಳ ಚರಿತ್ರೆ



ನೀವು ಆಳಂದ ತಾಲ್ಲೂಕಿನ ಹಿರೋಳ್ಳಿಯ ಕಡೆಗೆ ಹೋದರೆ ತೊಗರಿಯ ಹೊಲಗಳನ್ನೂ ತಿಪ್ಪೆಗಳನ್ನೂ ಕಾಣುವಿರಿ. ತಿಪ್ಪೆಗೆ ಸೇರಿದ ಸಗಣಿ, ಕಸಕಡ್ಡಿ ಕೆಲವು ತಿಂಗಳಲ್ಲಿ ಗೊಬ್ಬರವಾಗುತ್ತವೆ. ಈ ಕೆಲಸ ಮಾಡುವುದು ಬರಿಗಣ್ಣಿಗೆ ಕಾಣದ ಬ್ಯಾಕ್ಟೀರಿಯಾ ಮತ್ತು ಶಿಲೀಂಧ್ರಗಳು. ಆದರೆ ಕಾಯಿಕೊರಕ ಹುಳುವಿಗೆಂದು ಹೊಡೆದ ಔಷಧವಾಗಲಿ, ಎಸೆದ ಪ್ಲಾಸ್ಟಿಕ್ ಆಗಲಿ ಸಗಣಿಯಷ್ಟು ಸುಲಭವಾಗಿ ಕರಗುವುದಿಲ್ಲ. ಇಂತಹ ರಾಸಾಯನಿಕಗಳನ್ನೂ ಸೂಕ್ಷ್ಮಜೀವಿಗಳಿಗೆ ಆಹಾರವಾಗಿ ಕೊಡಬಹುದೇ? ಈ ಪ್ರಶ್ನೆಯ ಹಿಂದೆ ನೂರು ವರ್ಷಕ್ಕೂ ಮೀರಿದ ಚರಿತ್ರೆಯಿದೆ.

1914ರಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರ್ ನಗರದ ಆರ್ಡರ್ನ್ ಮತ್ತು ಲಾಕೆಟ್ ಎಂಬ ಇಬ್ಬರು ಚರಂಡಿ ನೀರಿಗೆ ಗಾಳಿ ಊದಿ ನೋಡಿದರು. ಮೊದಲ ಸಲ ನೀರು ಶುದ್ಧವಾಗಲು ವಾರಗಳೇ ಹಿಡಿದವು. ತಳದಲ್ಲಿ ಉಳಿದ ಕೆಸರನ್ನು ಚೆಲ್ಲದೆ ಮುಂದಿನ ನೀರಿಗೆ ಬೆರೆಸುತ್ತಾ ಹೋದಾಗ ಅದೇ ಕೆಲಸ ಒಂದು ದಿನದೊಳಗೆ ಮುಗಿಯತೊಡಗಿತು. ಆ ಕೆಸರಿನ ತುಂಬ ಬ್ಯಾಕ್ಟೀರಿಯಾಗಳಿದ್ದವು. ಇಂದಿಗೂ ನಗರಗಳ ಚರಂಡಿ ನೀರನ್ನು ಶುದ್ಧಗೊಳಿಸುವ ಮುಖ್ಯ ವಿಧಾನಗಳಲ್ಲಿ ಇದೂ ಒಂದು.

ಮುಂದಿನ ಹೆಜ್ಜೆ ಇಟ್ಟವರು ಬಂಗಾಳದಲ್ಲಿ ಹುಟ್ಟಿದ ಆನಂದ ಮೋಹನ ಚಕ್ರವರ್ತಿ. ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯಲ್ಲಿದ್ದ ಅವರು, ಕಚ್ಚಾ ತೈಲದ ಬೇರೆ ಬೇರೆ ಅಂಶಗಳನ್ನು ಒಡೆಯುವ ಗುಣಗಳನ್ನು ಒಂದೇ ಸ್ಯೂಡೋಮೊನಾಸ್ ಬ್ಯಾಕ್ಟೀರಿಯಾದಲ್ಲಿ ಕೂಡಿಸಿದರು. ಜೀವಿಯೊಂದಕ್ಕೆ ಪೇಟೆಂಟ್ ಕೊಡಬಹುದೇ ಎಂಬ ವ್ಯಾಜ್ಯ ಅಲ್ಲಿನ ಸುಪ್ರೀಂ ಕೋರ್ಟ್ ಮುಟ್ಟಿತು. 1980ರಲ್ಲಿ ಐದು ನ್ಯಾಯಮೂರ್ತಿಗಳು ಪರವಾಗಿ, ನಾಲ್ವರು ವಿರೋಧವಾಗಿ ನಿಂತು, ತೀರ್ಪು ಚಕ್ರವರ್ತಿಯವರ ಪರವಾಯಿತು.

ಆದರೆ 1989ರಲ್ಲಿ ಅಲಾಸ್ಕಾದ ಕಡಲಲ್ಲಿ ಎಕ್ಸಾನ್ ವಾಲ್ಡೀಜ್ ಹಡಗು ಒಡೆದು ಸುಮಾರು 1.1 ಕೋಟಿ ಗ್ಯಾಲನ್ ತೈಲ ಚೆಲ್ಲಿದಾಗ ಕೆಲಸಕ್ಕೆ ಬಂದದ್ದು ಆ ಹೆಸರಾಂತ ಬ್ಯಾಕ್ಟೀರಿಯಾ ಅಲ್ಲ. ದಡಕ್ಕೆ ಸಾರಜನಕ ಮತ್ತು ರಂಜಕದ ಗೊಬ್ಬರ ಹಾಕಿದರು. ಅಲ್ಲಿಯೇ ಇದ್ದ ಸೂಕ್ಷ್ಮಜೀವಿಗಳು ಬೆಳೆದು ತೈಲವನ್ನು ಬೇಗ ಒಡೆದವು. ಹಾಗೆಂದು ಎಲ್ಲವೂ ಹೋಗಲಿಲ್ಲ. ಗಾಳಿ ತಲುಪದ ಆಳದಲ್ಲಿ ತೈಲ ಎಷ್ಟೋ ವರ್ಷ ಹಾಗೆಯೇ ಉಳಿಯಿತು.

ಈಗ ನಮ್ಮ ಜಿಲ್ಲೆಗೆ ಬನ್ನಿ. 1980ರಲ್ಲಿ ಸ್ಥಾಪನೆಯಾದ ಗುಲಬರ್ಗಾ ವಿಶ್ವವಿದ್ಯಾಲಯದ ಜೀವರಸಾಯನ ವಿಭಾಗದಲ್ಲಿ ಪ್ರೊ. ಟಿ.ಬಿ. ಕರೇಗೌಡರ ಮತ್ತು ಅವರ ಸಂಗಡಿಗರು ಇದೇ ಪ್ರಶ್ನೆಯನ್ನು ಕೈಗೆತ್ತಿಕೊಂಡರು. ನುಸಿಗುಳಿಗೆಯಲ್ಲಿರುವ ನ್ಯಾಫ್ತಲಿನ್ ಅನ್ನು ಒಡೆಯುವ ಸ್ಯೂಡೋಮೊನಾಸ್ ತಳಿಯೊಂದರ ಬಗ್ಗೆ 1998 ಮತ್ತು 2001ರಲ್ಲಿ ಅವರ ಪ್ರಬಂಧಗಳು ಅಂತರರಾಷ್ಟ್ರೀಯ ಪತ್ರಿಕೆಯಲ್ಲಿ ಪ್ರಕಟವಾದವು. ಬ್ಯಾಕ್ಟೀರಿಯಾಗಳನ್ನು ನೀರಿನಲ್ಲಿ ಹಾಗೆಯೇ ಬಿಡುವ ಬದಲು ಪಾಲಿಯುರೆಥೇನ್ ಫೋಮಿನ ರಂಧ್ರಗಳಲ್ಲಿ ನೆಲೆಗೊಳಿಸಿದರೆ ಅವು ಹೆಚ್ಚು ವಿಷವನ್ನು ತಾಳಿಕೊಳ್ಳುತ್ತವೆ, ಮತ್ತೆ ಮತ್ತೆ ಬಳಕೆಗೂ ಬರುತ್ತವೆ. 2001ರಲ್ಲಿಯೇ ಜೆ.ಎಚ್. ನಿಯಾಜಿ ಅವರೊಡನೆ ಪ್ಲಾಸ್ಟಿಕ್ ಮೆದುಗೊಳಿಸಲು ಬಳಸುವ ಡೈಮೀಥೈಲ್ ಥ್ಯಾಲೇಟ್ ಕುರಿತ ಸಂಶೋಧನೆಯೂ ಬೆಳಕಿಗೆ ಬಂತು. ಬ್ಯಾಸಿಲಸ್ ಬ್ಯಾಕ್ಟೀರಿಯಾದ ಎಸ್ಟರೇಸ್ ಎಂಬ ಕಿಣ್ವಗಳು ಕತ್ತರಿಯಂತೆ ಆ ಅಣುವಿನ ಕೊಂಡಿಗಳನ್ನು ಮೊದಲು ಕತ್ತರಿಸುತ್ತವೆ.

ಈ ಚರಿತ್ರೆಯಿಂದ ನಾವು ಕಲಿಯುವುದೇನು? ಸೂಕ್ಷ್ಮಜೀವಿ ಮಂತ್ರವಾದಿಯಲ್ಲ. ಅದಕ್ಕೆ ಆಹಾರ, ನೆಲೆ, ಸಮಯ ಬೇಕು, ಹಲವು ಸಲ ಗಾಳಿಯೂ ಬೇಕು. ಸೀಸ, ಪಾದರಸಗಳಂಥ ಲೋಹಗಳ ರೂಪವನ್ನು ಅದು ಬದಲಿಸಬಲ್ಲದು, ಇಲ್ಲವಾಗಿಸಲಾರದು. ಆದ್ದರಿಂದ ಔಷಧದ ಡಬ್ಬಿಯನ್ನು ಬಾವಿಯ ದಂಡೆಯಲ್ಲಿ ತೊಳೆದು, ಉಳಿದದ್ದನ್ನು ಮಣ್ಣು ನೋಡಿಕೊಳ್ಳುತ್ತದೆ ಎಂದು ಕೂರುವಂತಿಲ್ಲ. ಮನೆಯಲ್ಲಿ ಹಿರಿಯರಿಗೆ ಈ ಮಾತು ತಿಳಿಸುವುದು ಓದಿದ ನಿಮ್ಮ ಹೊಣೆ.

ವಿಜ್ಞಾನ ಓದುತ್ತಿರುವ ತಮ್ಮಂದಿರೇ, ತಂಗಿಯರೇ, ಇಂತಹ ಸಂಶೋಧನೆಗೆ ದೂರದ ದೇಶಕ್ಕೇ ಹೋಗಬೇಕೆಂದಿಲ್ಲ. ಅದು ಕಲಬುರಗಿಯಲ್ಲಿಯೇ ನಡೆದಿದೆ. ನಿಮ್ಮ ಹೊಲದ ಒಂದು ಹಿಡಿ ಮಣ್ಣಿನಲ್ಲಿ ಯಾವ ಜೀವಿ ಯಾವ ವಿಷವನ್ನು ಒಡೆಯಬಲ್ಲದು ಎಂದು ಹುಡುಕುವ ಕೆಲಸ ಇನ್ನೂ ಬಹಳಷ್ಟು ಬಾಕಿಯಿದೆ.