ಸಣ್ಣ ಹಳಿಯ ದಾರಿಗಳು

ಹುಣಸೂರು ಒಂದು ಕಾಲಕ್ಕೆ ಗಾಡಿಗಳಿಗೆ ಹೆಸರಾದ ಊರು. ಅಮೃತಮಹಲ್ ದನಗಳ ಮುಖ್ಯ ಠಾಣ್ಯವು ಇಲ್ಲಿದ್ದುದರಿಂದ, ಸೇನೆಗೆ ಬೇಕಾದ ಚರ್ಮದ ಸಾಮಾನು, ಕಂಬಳಿ, ಮರಗೆಲಸ ಮೊದಲಾದುವುಗಳಿಗಾಗಿ ಸರ್ಕಾರದ ಕಾರ್ಖಾನೆಗಳು ಇಲ್ಲಿಯೇ ನಡೆಯುತ್ತಿದ್ದುವು. 1864ರಲ್ಲಿ ಆ ಕಾರ್ಖಾನೆಗಳು ನಿಂತುಹೋದರೂ ಕೈಕಸಬು ಊರಿನಲ್ಲಿ ಉಳಿಯಿತು. ಇಲ್ಲಿ ಗಾಡಿಗಳನ್ನು ಕಟ್ಟುವ ಕೆಲಸವು ಮುಂದೆಯೂ ನಡೆಯಿತು. ಅದೇ 1864ರಲ್ಲಿ ಮದರಾಸಿನ ಕಡೆಯಿಂದ ಬಂದ ರೈಲುದಾರಿಯು ಬೆಂಗಳೂರಿನ ದಂಡುಪ್ರದೇಶವನ್ನು ಮುಟ್ಟಿತು. ಗಾಡಿಯ ಊರಿನಲ್ಲಿ ಕಾರ್ಖಾನೆಯ ಬಾಗಿಲು ಮುಚ್ಚಿದ ವರ್ಷದಲ್ಲಿಯೇ ಸೀಮೆಗೆ ಉಗಿಬಂಡಿಯು ಬಂದಿತೆಂಬುದು ಕಾಕತಾಳೀಯವಾದರೂ ನೆನಪಿನಲ್ಲಿಡತಕ್ಕ ಸಂಗತಿಯಾಗಿದೆ.

1882ರಲ್ಲಿ ರೈಲು ಮೈಸೂರಿಗೆ ಬಂದಿತು. 1918ರಲ್ಲಿ ಮೈಸೂರಿನಿಂದ ಅರಸೀಕೆರೆಗೆ ಹೋದ ಮೀಟರ್‌ಗೇಜ್ ದಾರಿಯು ಎಡತೊರೆಯ ಸೀಮೆಯನ್ನು, ಎಂದರೆ ಇಂದಿನ ಕೃಷ್ಣರಾಜನಗರವನ್ನು, ಹಾದುಹೋಯಿತು. ಹುಣಸೂರು, ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆಗಳು ಮಾತ್ರ ಇಂದಿಗೂ ರೈಲಿಲ್ಲದ ಊರುಗಳಾಗಿಯೇ ಉಳಿದಿವೆ. ದೊಡ್ಡ ರೈಲು ಬಾರದಿದ್ದರೆ ಹೋಗಲಿ, ಒಂದು ಸಣ್ಣ ರೈಲಾದರೂ ಏಕೆ ಬರಲಿಲ್ಲ ಎಂಬ ಪ್ರಶ್ನೆಯು ಇಲ್ಲಿಯವರಿಗೆ ಸಹಜವಾದುದು. ಏತಕ್ಕೆಂದರೆ, ಇದೇ ಮೈಸೂರು ಸಂಸ್ಥಾನದ ಬೇರೆ ಸೀಮೆಗಳಲ್ಲಿ ಅಂತಹ ಸಣ್ಣ ರೈಲುಗಳು ಒಂದು ಕಾಲಕ್ಕೆ ಓಡಿದುವು. ಒಂದನ್ನಂತೂ ಖಾಸಗಿ ಕಂಪೆನಿಯೇ ನಡೆಸಿತು. ಅವುಗಳ ಚರಿತ್ರೆಯನ್ನು ನೋಡಿದರೆ ಯಾವ ದಾರಿಯು ಉಳಿಯುತ್ತದೆ, ಯಾವುದು ಅಳಿಯುತ್ತದೆ ಎಂಬುದು ತಿಳಿದುಬರುತ್ತದೆ.

ಮೊದಲು ಹಳಿಯ ಅಳತೆಯನ್ನು ಹೇಳಬೇಕು. ನಮ್ಮ ದೇಶದ ದೊಡ್ಡ ಹಳಿಯಲ್ಲಿ ಎರಡು ಕಂಬಿಗಳ ನಡುವೆ 5 ಅಡಿ 6 ಅಂಗುಲದ ಅಂತರವಿರುತ್ತದೆ. ಮೀಟರ್‌ಗೇಜಿನ ಅಂತರವು ಹೆಸರೇ ಹೇಳುವಂತೆ ಒಂದು ಮೀಟರು. ಅದಕ್ಕಿಂತಲೂ ಕಿರಿದಾದ 2 ಅಡಿ 6 ಅಂಗುಲದ ಮತ್ತು 2 ಅಡಿಯ ಹಳಿಗಳಿಗೆ ನ್ಯಾರೋಗೇಜ್ ಎಂಬ ಹೆಸರಿರುವುದು. ಹಳಿಯು ಕಿರಿದಾದಷ್ಟೂ ತಿರುವುಗಳು ಬಿಗಿಯಾಗಬಹುದು, ಸೇತುವೆಗಳು ಹಗುರವಾಗಬಹುದು, ಹಿಡಿಯುವ ಭೂಮಿಯೂ ಕಡಮೆಯಾಗುತ್ತದೆ. ಹೀಗಾಗಿ ಅಲ್ಪ ಬಂಡವಾಳದಲ್ಲಿ ದಾರಿಯು ಸಿದ್ಧವಾಗುತ್ತದೆ. ದೊಡ್ಡ ರೈಲಿನ ವೆಚ್ಚವನ್ನು ಹೊರಲಾರದ ಸೀಮೆಗಳಿಗೆ ಇದೊಂದು ಒಳ್ಳೆಯ ಉಪಾಯವೆಂದು ಅಂದಿನವರು ಎಣಿಸಿದರು.

ಸರ್ ಎಂ. ವಿಶ್ವೇಶ್ವರಯ್ಯನವರು 1912ರಿಂದ 1918ರವರೆಗೆ ದಿವಾನರಾಗಿದ್ದರಷ್ಟೆ. ಆ ವರ್ಷಗಳಲ್ಲಿ ಸಂಸ್ಥಾನದ ಪೂರ್ವಭಾಗದಲ್ಲಿ ಎರಡು ಸಣ್ಣ ದಾರಿಗಳು ಹುಟ್ಟಿದುವು. ಒಂದು, 1913ರಲ್ಲಿ ಬೌರಿಂಗ್‌ಪೇಟೆಯಿಂದ, ಎಂದರೆ ಇಂದಿನ ಬಂಗಾರಪೇಟೆಯಿಂದ, ಕೋಲಾರಕ್ಕೆ ಹಾಕಲ್ಪಟ್ಟ ದಾರಿ. ಇನ್ನೊಂದು, 1915ರಲ್ಲಿ ಯಲಹಂಕದಿಂದ ದೇವನಹಳ್ಳಿಯ ಮಾರ್ಗವಾಗಿ ಚಿಕ್ಕಬಳ್ಳಾಪುರದ ಕಡೆಗೆ ತೆರೆದ ದಾರಿ. ಎರಡೂ 2 ಅಡಿ 6 ಅಂಗುಲದ ಹಳಿಗಳು. ಈ ಎರಡನೆಯದನ್ನು ಕಟ್ಟಿದುದು ಬೆಂಗಳೂರು-ಚಿಕ್ಕಬಳ್ಳಾಪುರ ಲೈಟ್ ರೈಲ್ವೆ ಕಂಪೆನಿ ಎಂಬ ಖಾಸಗಿ ಸಂಸ್ಥೆ. ಸಂಸ್ಥಾನದ ಬೆಂಬಲವು ಅದಕ್ಕಿದ್ದರೂ, ರೈಲೆಂದರೆ ಸರ್ಕಾರದ ಅಥವಾ ಲಂಡನ್ ಕಂಪೆನಿಗಳ ಕೆಲಸವೆಂದು ಜನರು ತಿಳಿದಿದ್ದ ಆ ದಿನಗಳಲ್ಲಿ ಇದು ಸಾಮಾನ್ಯವಾದ ಸಾಹಸವಲ್ಲ.

ಈ ದಾರಿಯು ಹಾದುಹೋದ ಸೀಮೆಯು ಬರಡಾದುದಲ್ಲ. ದೇವನಹಳ್ಳಿಯು ಚಕ್ಕೋತಕ್ಕೆ ಹೆಸರಾದುದು. ಚಿಕ್ಕಬಳ್ಳಾಪುರದ ಹೊಲಗಳಲ್ಲಿ ಆಲೂಗಡ್ಡೆ, ತರಕಾರಿ. ಮುಂದೆ ಶಿಡ್ಲಘಟ್ಟದಲ್ಲಿ ರೇಷ್ಮೆ. ನಡುವೆ ನಂದಿಬೆಟ್ಟ. ಕೊಂಡು ಹೋಗಲು ಸರಕೂ, ನೋಡಲು ಹೋಗುವ ಜನರೂ ಇದ್ದ ಕಾರಣ ಸ್ಥಳೀಯ ಸಂಚಾರವೂ ವಿಹಾರವೂ ಒಂದೇ ಬಂಡಿಯಲ್ಲಿ ಕೂಡಿಬಂದುವು. ನಂದಿ ಹಾಲ್ಟ್ ಎಂಬ ನಿಲ್ದಾಣದ ಹೆಸರು ಇಂದಿಗೂ ಅದನ್ನು ಜ್ಞಾಪಿಸುತ್ತದೆ.

ಆದರೆ ಈ ದಾರಿಯ ಭಾಗ್ಯವು ತೆರೆದುದು, ಕೋಲಾರದ ದಾರಿಯು ಚಿಂತಾಮಣಿ, ಶಿಡ್ಲಘಟ್ಟಗಳ ಮೂಲಕ ಚಿಕ್ಕಬಳ್ಳಾಪುರಕ್ಕೆ ಬಂದು ಸೇರಿದಾಗ. ಅಂದಿನಿಂದ ಅದು ಒಂದು ಕಡೆ ಯಲಹಂಕದಲ್ಲಿ ಮೀಟರ್‌ಗೇಜಿಗೂ ಇನ್ನೊಂದು ಕಡೆ ಬಂಗಾರಪೇಟೆಯಲ್ಲಿ ದೊಡ್ಡ ಹಳಿಗೂ ಕೈಕೊಟ್ಟ ಸುತ್ತುದಾರಿಯಾಯಿತು. ಹೊಸ್ತಿಲ ಮೇಲಿಟ್ಟ ದೀಪವು ಒಳಮನೆಯನ್ನೂ ಹೊರ ಅಂಗಳವನ್ನೂ ಬೆಳಗುವುದನ್ನು ನಮ್ಮ ಶಾಸ್ತ್ರಗಳಲ್ಲಿ ದೇಹಲೀದೀಪನ್ಯಾಯವೆನ್ನುತ್ತಾರೆ. ಎರಡು ತುದಿಗಳೂ ಕೂಡಿಕೊಂಡ ರೈಲುದಾರಿಗೆ ಈ ನ್ಯಾಯವು ಚೆನ್ನಾಗಿ ಒಪ್ಪುತ್ತದೆ.

ಸಣ್ಣ ಹಳಿಗೆ ಒಂದು ಹುಟ್ಟುರೋಗವೂ ಇದ್ದಿತು. ಅಗಲ ಬೇರೆಯಾದುದರಿಂದ ಬಂಡಿಗಳು ಒಂದು ಹಳಿಯಿಂದ ಇನ್ನೊಂದಕ್ಕೆ ಹೋಗಲಾರವು. ಯಲಹಂಕಕ್ಕೆ ಬಂದ ಆಲೂಗಡ್ಡೆಯ ಮೂಟೆಯು ಮುಂದಿನ ಊರಿಗೆ ರೈಲಿನಲ್ಲಿಯೇ ಹೋಗಬೇಕಾದರೆ, ಅದನ್ನು ಇಳಿಸಿ, ಕೂಲಿಯವರ ತಲೆಯ ಮೇಲೆ ಹೊರಿಸಿ, ಮತ್ತೊಂದು ಬಂಡಿಗೆ ಏರಿಸಬೇಕು. ಕಾಲವೂ ವೆಚ್ಚವೂ ಅಲ್ಲಿಯೇ ಸೋರಿಹೋಗುತ್ತಿದ್ದುವು. ಮುಂದೆ ಮೋಟಾರು ಬಸ್ಸು, ಲಾರಿಗಳು ಬಂದು ಹೊಲದ ಅಂಚಿನಿಂದ ಪೇಟೆಯ ಬಾಗಿಲಿಗೆ ಒಂದೇ ಸಲಕ್ಕೆ ಸರಕನ್ನು ಒಯ್ಯತೊಡಗಿದಾಗ ಸಣ್ಣ ರೈಲು ಸೋತುದು ಆಶ್ಚರ್ಯವಲ್ಲ.

ಇದಕ್ಕೆ ಪ್ರತಿಯಾದ ಉದಾಹರಣೆಯು ಮಲೆನಾಡಿನಲ್ಲಿದೆ. ಅದೇ ದಶಕದಲ್ಲಿ ತರೀಕೆರೆಯಿಂದ ಎಡೇಹಳ್ಳಿಗೆ ಸುಮಾರು 27 ಮೈಲಿಗಳ, 2 ಅಡಿಯ ಹಳಿಯ ಟ್ರಾಮುದಾರಿಯನ್ನು ಸಂಸ್ಥಾನವೇ ಹಾಕಿಸಿತು. ಯುವರಾಜ ಕಂಠೀರವ ನರಸಿಂಹರಾಜ ಒಡೆಯರ ಹೆಸರಿನಿಂದ ಎಡೇಹಳ್ಳಿಯು ನರಸಿಂಹರಾಜಪುರವಾಯಿತು. ದಾರಿಯ ಒಂದು ತುದಿಯು ತರೀಕೆರೆಯ ಮೀಟರ್‌ಗೇಜಿಗೆ ತಾಗಿದ್ದಿತು. ಇನ್ನೊಂದು ತುದಿಯು ಕಾಡಿನ ಅಂಚಿನಲ್ಲಿ ನಿಂತುಹೋಗಿದ್ದಿತು. ಮುಂದಕ್ಕೆ ಹೋಗುವ ದಾರಿಯಿಲ್ಲದ ಆ ರೈಲು, ರಸ್ತೆಯ ವಾಹನಗಳು ಬಂದ ಮೇಲೆ ಬಾಳಲಿಲ್ಲ. ಊರಿಗೆ ಹೆಸರು ಉಳಿಯಿತು, ಹಳಿಯು ಉಳಿಯಲಿಲ್ಲ.

ಕರ್ನಾಟಕದ ಗಡಿಯಾಚೆಗೆ ನೋಡಿದರೂ ಇದೇ ಮಾತು ದೃಢವಾಗುತ್ತದೆ. ಕನ್ನಡನಾಡಿನ ವಿಠ್ಠಲಭಕ್ತರಿಗೆ ಪರಿಚಿತವಾದ ಪಂಢರಪುರಕ್ಕೆ ಹೋಗುತ್ತಿದ್ದುದು ಬಾರ್ಸಿ ಲೈಟ್ ರೈಲ್ವೆ ಕಂಪೆನಿಯ ಸಣ್ಣ ರೈಲು. ಎವರಾರ್ಡ್ ಕ್ಯಾಲ್ತ್ರಾಪ್ ಎಂಬ ಎಂಜಿನಿಯರು ಅದರ ರೂವಾರಿ. ಪ್ರತಿಯೊಂದು ಅಚ್ಚಿನ ಮೇಲೂ 5 ಟನ್ನಿಗೆ ಮೀರದಂತೆ ಭಾರವನ್ನು ಸಮವಾಗಿ ಹಂಚಿದರೆ ಹಗುರವಾದ ಕಂಬಿಯ ಮೇಲೆಯೂ ಹೆಚ್ಚು ಸರಕನ್ನು ಸಾಗಿಸಬಹುದೆಂಬುದು ಆತನ ಸಿದ್ಧಾಂತ. 1897ರಲ್ಲಿ ಬಾರ್ಸಿಗೆ ಆರಂಭವಾದ ಆ ದಾರಿಯು 1906ರಲ್ಲಿ ಪಂಢರಪುರವನ್ನೂ 1911ರಲ್ಲಿ ಲಾತೂರನ್ನೂ ಮುಟ್ಟಿ, 1927ರಲ್ಲಿ ಬೆಳಗಾವಿಯ ಕಡೆಯವರಿಗೆ ಹತ್ತಿರವಾದ ಮಿರಜನ್ನು ಸೇರಿತು. ಆಷಾಢದ ಏಕಾದಶಿಯ ಜನಸಂದಣಿಗೆ ಸರಕಿನ ಬಂಡಿಗಳಲ್ಲಿಯೂ ಯಾತ್ರಿಕರನ್ನು ತುಂಬಬೇಕಾಗುತ್ತಿದ್ದಿತು. 1954ರಲ್ಲಿ ಸರ್ಕಾರವು ಅದನ್ನು ಕೊಂಡುಕೊಂಡಿತು. ಕಂಪೆನಿಯು ಹೋಯಿತು, ಸಣ್ಣ ಹಳಿಯೂ ಹೋಯಿತು. ಆದರೆ ಈ ಊರುಗಳಿಗೆ ಇಂದು ದೊಡ್ಡ ಹಳಿಯ ರೈಲು ಓಡುತ್ತಿದೆ.

ಹಾಗಾದರೆ ತುದಿಯು ಕೂಡಿಕೊಳ್ಳದ ಸಣ್ಣ ದಾರಿಗಳೆಲ್ಲವೂ ಅಳಿದುವೆ ಎಂದು ವಾಚಕರು ಕೇಳಬಹುದು. ಇಲ್ಲ. ಡಾರ್ಜಿಲಿಂಗಿಗೆ 1881ರಲ್ಲಿ ಒಂದು ಕಂಪೆನಿಯೇ ಕಟ್ಟಿದ 2 ಅಡಿಯ ದಾರಿಯಿದೆ. 1948ರಲ್ಲಿ ಸರ್ಕಾರದ ವಶವಾದ ಅದನ್ನು 1999ರಲ್ಲಿ ಯುನೆಸ್ಕೋ ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. ಆದಮ್‌ಜಿ ಪೀರ್‌ಭಾಯ್ ಮನೆತನದವರ ಹಣದಿಂದ 1907ರಲ್ಲಿ ಸಿದ್ಧವಾದ ಮಾಥೆರಾನಿನ ದಾರಿಯೂ ಬೆಟ್ಟದ ಮೇಲೆಯೇ ಕೊನೆಗೊಳ್ಳುತ್ತದೆ. 1903ರಲ್ಲಿ ತೆರೆದ ಕಾಲ್ಕಾ-ಸಿಮ್ಲಾ ದಾರಿಯನ್ನು ಕಟ್ಟಿದ ಕಂಪೆನಿಯು ವೆಚ್ಚದ ಭಾರವನ್ನು ತಾಳಲಾರದೆ 1906ರಲ್ಲಿಯೇ ಅದನ್ನು ಸರ್ಕಾರಕ್ಕೆ ಒಪ್ಪಿಸಿಬಿಟ್ಟಿತು. ಅದು 2008ರಲ್ಲಿ ವಿಶ್ವಪರಂಪರೆಯಾಯಿತು. ಇವುಗಳಲ್ಲಿ ದಾರಿಯ ದೃಶ್ಯವೇ ಸರಕು, ಪ್ರಯಾಣವೇ ಪ್ರಯೋಜನ. ಆದರೆ ಒಂದು ಮಾತನ್ನು ಮರೆಯಬಾರದು. ಇವುಗಳನ್ನು ಉಳಿಸಿದುದು ಕಂಪೆನಿಯ ಲಾಭವಲ್ಲ, ನಷ್ಟವನ್ನು ಹೊರಲು ಒಪ್ಪಿದ ಸರ್ಕಾರದ ಬೊಕ್ಕಸ. ಸಾಹಸವು ಖಾಸಗಿಯವರದು, ಪಾಲನೆಯು ಸಾರ್ವಜನಿಕರದು ಎಂಬುದೇ ಈ ಚರಿತ್ರೆಯ ಸಾರಾಂಶವಾಗಿ ಕಾಣುತ್ತದೆ. 2021ರಲ್ಲಿ ಭಾರತ್ ಗೌರವ್ ಎಂಬ ಯೋಜನೆಯಲ್ಲಿ ಖಾಸಗಿಯವರು ವಿಹಾರದ ರೈಲುಗಳನ್ನು ನಡೆಸಲು ಅವಕಾಶವಾಯಿತು. ಆದರೆ ಅವರು ರೈಲ್ವೆಯ ಹಳಿಯ ಮೇಲೆ ಗುತ್ತಿಗೆಯ ಬಂಡಿಗಳನ್ನು ಓಡಿಸತಕ್ಕವರು. 1915ರ ಕಂಪೆನಿಯಾದರೋ ಹಳಿಯನ್ನೇ ಹಾಕಿದ್ದಿತು.

ಹಳಿಯನ್ನು ಹಾಕಿದುದರ ಫಲವನ್ನು ಇಂದು ದೇವನಹಳ್ಳಿಯಲ್ಲಿ ನೋಡಬಹುದು. 1992ರಲ್ಲಿ ಆರಂಭವಾದ ಏಕರೂಪ ಹಳಿಯ ಯೋಜನೆಯ ಕಾಲದಲ್ಲಿ ಈ ದಾರಿಯು ಭಾಗಭಾಗವಾಗಿ ಅಗಲವಾಗುತ್ತ ಬಂದು, 2013ರಲ್ಲಿ ಚಿಕ್ಕಬಳ್ಳಾಪುರ-ಕೋಲಾರಗಳ ನಡುವೆಯೂ ದೊಡ್ಡ ಹಳಿಯ ರೈಲು ಓಡಿತು. 2008ರಲ್ಲಿ ದೇವನಹಳ್ಳಿಯ ಬಳಿ ವಿಮಾನನಿಲ್ದಾಣವು ತೆರೆಯಿತು. 2021ರ ಜನವರಿಯಲ್ಲಿ ಇದೇ ದಾರಿಯಲ್ಲಿ ಅದಕ್ಕೊಂದು ಹಾಲ್ಟ್ ನಿಲ್ದಾಣವಾಯಿತು. ಆಲೂಗಡ್ಡೆಗಾಗಿ ಹಾಕಿದ ದಾರಿಯು ನೂರು ವರ್ಷಗಳಾದ ಮೇಲೆ ವಿಮಾನದ ಪ್ರಯಾಣಿಕನಿಗೆ ಒದಗಿತು. ಅಂದು ಷೇರು ಕೊಂಡವರಿಗೆ ಇದು ಸ್ವಪ್ನದಲ್ಲಿಯೂ ಹೊಳೆದಿರಲಾರದು. ಬಂಡಿಯು ಹಳೆಯದಾಗುತ್ತದೆ, ಕಂಪೆನಿಯು ಮುಚ್ಚುತ್ತದೆ. ಒಮ್ಮೆ ಊರೂರಿಗೆ ಬಿಡಿಸಿಟ್ಟ ದಾರಿಯ ಭೂಮಿ ಮಾತ್ರ ಮುಂದಿನವರಿಗೆ ಆಸ್ತಿಯಾಗುತ್ತದೆ.

ನಮ್ಮ ಸೀಮೆಗೆ ಆ ಆಸ್ತಿಯು ದೊರೆಯಲಿಲ್ಲ. ಅಂದು ಒಂದು ಸಣ್ಣ ಹಳಿಯು ಮೈಸೂರಿನಿಂದ ಹುಣಸೂರಿಗೆ ಬಂದಿದ್ದರೆ, ಇಂದು ಅದನ್ನು ಅಗಲಿಸುವ ಮಾತಿರುತ್ತಿತ್ತೇ ಹೊರತು ಹೊಸದಾಗಿ ಭೂಮಿಯನ್ನು ಬೇಡುವ ಮಾತಿರುತ್ತಿರಲಿಲ್ಲ. ಹುಣಸೂರು, ಪಿರಿಯಾಪಟ್ಟಣಗಳ ಮೇಲೆ ಕುಶಾಲನಗರಕ್ಕೆ ಸುಮಾರು 87 ಕಿಲೋಮೀಟರುಗಳ ರೈಲುದಾರಿಯ ಪ್ರಸ್ತಾಪವು ಸರ್ವೆಗಳನ್ನು ಕಂಡಿದೆ, ಭರವಸೆಗಳನ್ನು ಕೇಳಿದೆ, ಕಂಬಿಯನ್ನು ಕಂಡಿಲ್ಲ.

ಆದರೂ ಬರಿಯ ಆಸೆಯಿಂದ ಮಾತನಾಡುವುದು ಉಚಿತವಲ್ಲ. ತರೀಕೆರೆಯ ಪಾಠವು ನಮಗೂ ಅನ್ವಯಿಸುತ್ತದೆ. ಕುಶಾಲನಗರದಲ್ಲಿ, ಕೊಡಗಿನ ಬೆಟ್ಟಗಳ ಬುಡದಲ್ಲಿ, ಕೊನೆಗೊಳ್ಳುವ ದಾರಿಯು ಒಂದೇ ತುದಿಯ ದಾರಿ. ನಮ್ಮ ಹೊಗೆಸೊಪ್ಪು ವರ್ಷದಲ್ಲಿ ಕೆಲವು ತಿಂಗಳುಗಳು ಮಾತ್ರ ಹರಾಜುಕಟ್ಟೆಗೆ ಬರುವ ಸರಕು. ಅದೊಂದನ್ನೇ ನಂಬಿ ರೈಲು ನಡೆಯಲಾರದು. ಬೈಲಕುಪ್ಪೆ, ನಾಗರಹೊಳೆ, ಕೊಡಗುಗಳನ್ನು ನೋಡಲು ಬರುವವರು ಇದ್ದಾರೆ. ಅವರೂ ರಜಾದಿನಗಳ ಜನ. ಪ್ರತಿದಿನ ಬೆಳಗ್ಗೆ ಮೈಸೂರಿಗೆ ಓದಲು, ದುಡಿಯಲು ಹೋಗಿ ಸಂಜೆ ಮರಳುವ ಮಂದಿಯೇ ಇಂತಹ ದಾರಿಯ ನಿಜವಾದ ಆಧಾರ. ಆದುದರಿಂದ ರೈಲನ್ನು ಕೇಳುವಾಗ ವಿಹಾರದ ಅಂದವನ್ನು ಮುಂದಿಟ್ಟು ಕೇಳುವುದಕ್ಕಿಂತ, ಈ ನಿತ್ಯಪ್ರಯಾಣಿಕರ ಲೆಕ್ಕವನ್ನು ಊರೂರಿನಿಂದ ಕೂಡಿಸಿ ಮುಂದಿಟ್ಟು ಕೇಳುವುದೇ ಯುಕ್ತವಾದುದು. ಆ ಕೆಲಸವನ್ನು ಸರ್ವೆಯವರು ಬರುವವರೆಗೆ ಕಾಯದೆ ನಾವೇ ಮಾಡಬಹುದು.

ಸಣ್ಣ ಹಳಿಯ ಕಂಪೆನಿಗಳವರು ತಮ್ಮ ಕಾಲದ ಆಲೂಗಡ್ಡೆಯನ್ನೂ ಯಾತ್ರಿಕರನ್ನೂ ಎಣಿಸಿ ದಾರಿಯನ್ನು ಹಾಕಿದರು. ಲೆಕ್ಕವು ಕೆಲವೆಡೆ ತಪ್ಪಿತು, ಕೆಲವೆಡೆ ಅವರೆಣಿಸಿದುದಕ್ಕಿಂತ ಹೆಚ್ಚಾಗಿ ಫಲಿಸಿತು. ಎಣಿಸದೆಯೇ ಕುಳಿತ ಊರಿಗೆ ಮಾತ್ರ ತಪ್ಪಲು ಲೆಕ್ಕವೂ ಇಲ್ಲ, ಫಲಿಸಲು ದಾರಿಯೂ ಇಲ್ಲ.