ಉಭಯಚರಗಳ ರೋಗನಿರೋಧಕ ಸಂಕೇತ ಜೀನ್

ಕಪ್ಪೆ ಮೊದಲಾದ ಉಭಯಚರಗಳಲ್ಲಿ ಸೋಂಕಿನ ಸುಳಿವನ್ನು ಜೀವಕೋಶದೊಳಗೆ ದಾಟಿಸುವ ಪ್ರೋಟೀನುಗಳ ಜೀನ್. ಮುಖ್ಯ ಉದಾಹರಣೆ ಮೈಡಿ88. ಬ್ಯಾಕ್ಟೀರಿಯದ ಅಂಶವನ್ನು ಟೋಲ್ ಮಾದರಿಯ ಗ್ರಾಹಕ ಗುರುತಿಸಿದೊಡನೆ ಮೈಡಿ88 ಆ ಗ್ರಾಹಕಕ್ಕೆ ಕೂಡಿಕೊಳ್ಳುತ್ತದೆ. ಸರಣಿ ಕ್ರಿಯೆಗಳ ಕೊನೆಗೆ ಎನ್‌ಎಫ್-ಕಪ್ಪಾ-ಬಿ ಎಂಬ ಪ್ರೋಟೀನು ಕೋಶಕೇಂದ್ರವನ್ನು ಹೊಕ್ಕು ರಕ್ಷಣಾ ಜೀನ್‌ಗಳನ್ನು ಚಾಲೂ ಮಾಡುತ್ತದೆ.

ಕ್ಲೋನಿಂಗ್: ಗುಲ್ಮ ಅಥವಾ ಚರ್ಮದ ಆರ್‌ಎನ್‌ಎಯಿಂದ ಪೂರಕ ಡಿಎನ್‌ಎ ತಯಾರಿಸಿ, ಬೇಕಾದ ತುಣುಕನ್ನು ಪಿಸಿಆರ್ ವಿಧಾನದಿಂದ ಹೆಚ್ಚಿಸಿ, ಪ್ಲಾಸ್ಮಿಡ್‌ಗೆ ಸೇರಿಸಿ ಇ. ಕೋಲೈ ಬ್ಯಾಕ್ಟೀರಿಯದಲ್ಲಿ ಬೆಳೆಸುತ್ತಾರೆ. ಬಳಿಕ ಆ ತುಣುಕಿನ ಅಕ್ಷರಕ್ರಮ ಓದುತ್ತಾರೆ.

ಅಭಿವ್ಯಕ್ತಿ: ಸೋಂಕಿಗೆ ಮೊದಲು ಮತ್ತು ನಂತರ ವಿವಿಧ ಅಂಗಾಂಶಗಳಲ್ಲಿನ ಸಂದೇಶವಾಹಕ ಆರ್‌ಎನ್‌ಎ ಪ್ರಮಾಣವನ್ನು ಹೋಲಿಸಲಾಗುತ್ತದೆ. ಕಪ್ಪೆಗಳಿಗೆ ಸಸ್ತನಿಗಳಂಥ ದುಗ್ಧಗ್ರಂಥಿಗಳಿಲ್ಲ. ಆದ್ದರಿಂದ ಗುಲ್ಮಕ್ಕೆ ಹೆಚ್ಚಿನ ಮಹತ್ವ. 2010ರಲ್ಲಿ ಪ್ರಕಟವಾದ ಝೆನೋಪಸ್ ಟ್ರಾಪಿಕಾಲಿಸ್ ಕಪ್ಪೆಯ ಜೀನೋಮ್ ಇಂಥ ಹೋಲಿಕೆಗೆ ಆಧಾರ.

ಪ್ರಾದೇಶಿಕ ಪ್ರಭೇದ: ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ ಒಳಗೊಂಡ ಬಯಲುಸೀಮೆಯಲ್ಲಿ ಮಳೆ ಬಿದ್ದೊಡನೆ ಹೊಂಡಗಳಲ್ಲಿ ಕೂಗುವ ಗೂಳಿಗಪ್ಪೆ ರೋಗನಿರೋಧಕ ಅಧ್ಯಯನದಲ್ಲಿ ಗಮನಾರ್ಹ. ಬೆದೆಗಾಲದಲ್ಲಿ ಗಂಡಿನ ಮೈ ಹಳದಿ, ಧ್ವನಿಚೀಲ ನೀಲಿ. ಈ ಪ್ರಭೇದದ ಚರ್ಮಸ್ರಾವದಲ್ಲಿ ಸೂಕ್ಷ್ಮಾಣುಗಳನ್ನು ಕೊಲ್ಲುವ, 11–12 ಅಮೈನೋ ಆಮ್ಲಗಳ ಟೈಗರಿನಿನ್ ಪೆಪ್ಟೈಡುಗಳನ್ನು ಹೈದರಾಬಾದಿನ ಸಿಸಿಎಂಬಿ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು 2001ರಲ್ಲಿ ವರದಿ ಮಾಡಿದರು.